ಮೊದಲ ದಿನವೇ ಮುಚ್ಚಿದ ಲೆಕ್ಕ



ನಾನು ಮೆಟ್ರಿಕ್ ಓದಿದವನು. ಅಕ್ಕಲಕೋಟ ಸೀಮೆಯಲ್ಲಿ ಬ್ಯಾಂಕಿನ ಕಾರಕೂನನಾಗಿ ದುಡಿದು ನಿವೃತ್ತನಾದವನು. ಜೀವಮಾನವೆಲ್ಲ ಜಮಾ-ಖರ್ಚು ಬರೆದ ಕೈ ಇದು. ಹಾಗಿರುವಾಗ ಡಾಕ್ಟರುಗಳ ವಿಷಯ ನಿನಗೇಕೆ ಎಂದು ನೀವು ಕೇಳಬಹುದು. ಕೇಳುವುದು ಸರಿಯೇ. ಆದರೆ ಬ್ಯಾಂಕಿನಲ್ಲಿ ಒಂದು ಮಾತನ್ನು ನಾನು ಚೆನ್ನಾಗಿ ಕಲಿತಿದ್ದೇನೆ. ಖಾತೆ ತೆರೆದ ದಿನವೇ ಯಾರೂ ಅದನ್ನು ಮುಚ್ಚುವುದಿಲ್ಲ. ಹತ್ತು ರೂಪಾಯಿಯ ಖಾತೆಯನ್ನಾದರೂ ನಾಲ್ಕು ದಿನ ನಡೆಯಲು ಬಿಡುತ್ತಾರೆ. ಆದರೆ ಹುಟ್ಟಿದ ಕೆಲವು ಕೂಸುಗಳ ಲೆಕ್ಕವನ್ನು ಮೊದಲ ದಿನವೇ ಮುಚ್ಚುತ್ತಿದ್ದ ಕಾಲವೊಂದಿತ್ತು. ಅದನ್ನು ಮುಚ್ಚಿದವರು ಕಟುಕರಲ್ಲ, ದೊಡ್ಡ ದೊಡ್ಡ ಆಸ್ಪತ್ರೆಗಳ ಕಲಿತ ಡಾಕ್ಟರುಗಳು. ಆ ಇತಿಹಾಸವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಾನು ಇದನ್ನು ಓದಿ ತಿಳಿಯಲು ಒಂದು ಕಾರಣವಿದೆ. 1984ರಲ್ಲಿ ನನ್ನ ತಂಗಿಗೆ ಚೊಚ್ಚಲ ಕೂಸು ಹುಟ್ಟಿತು. ಹೆಣ್ಣುಕೂಸು, ಮುಖ ಲಕ್ಷಣವಾಗಿತ್ತು. ಆದರೆ ಬೆನ್ನಿನ ಕೆಳಭಾಗದಲ್ಲಿ ತೆಳು ಪೊರೆಯ ಒಂದು ಗಂಟು, ಅದರಿಂದ ನೀರು ಜಿನುಗುತ್ತಿತ್ತು. ಕಾಲು ಆಡಿಸುತ್ತಿರಲಿಲ್ಲ. ಪಟ್ಟಣದ ದೊಡ್ಡ ಆಸ್ಪತ್ರೆಗೆ ಒಯ್ದೆವು. ತಂಗಿಗೆ ಸಂತೆಯ ಮರಾಠಿ ಬರುತ್ತಿತ್ತು, ಡಾಕ್ಟರ ಮರಾಠಿ ಬರುತ್ತಿರಲಿಲ್ಲ. ಹೀಗಾಗಿ ನಾನೇ ದುಭಾಷಿ. ಡಾಕ್ಟರು ವರಾಂಡದಲ್ಲಿ ನಿಂತು ನಾಲ್ಕು ಮಾತು ಹೇಳಿದರು. ನಾನು ಅದನ್ನು ಕನ್ನಡದಲ್ಲಿ ತಂಗಿಗೆ ಹೇಳಿದೆ. ಎಲ್ಲ ಸೇರಿ ಹದಿನೈದು ನಿಮಿಷ. ಕೂಸನ್ನು ಮನೆಗೆ ತಂದೆವು. 19ನೆಯ ದಿನ ಅದು ಹೋಯಿತು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮೊದಲು ರೋಗದ ಪರಿಚಯ. ಇದರ ಹೆಸರು ಸ್ಪೈನಾ ಬೈಫಿಡಾ, ಅಂದರೆ ಸೀಳಿದ ಬೆನ್ನುಮೂಳೆ. ಗರ್ಭ ನಿಂತ ನಾಲ್ಕನೆಯ ವಾರದಲ್ಲಿ ಭ್ರೂಣದ ಬೆನ್ನಿನ ಮೇಲಿರುವ ಒಂದು ಪದರ ಚಾಪೆ ಸುತ್ತಿಕೊಂಡಂತೆ ಕೊಳವೆಯಾಗುತ್ತದೆ. ಆ ಕೊಳವೆಯೇ ಮುಂದೆ ಮೆದುಳು ಮತ್ತು ಬೆನ್ನುಹುರಿ. ಸುಮಾರು 28ನೆಯ ದಿನದೊಳಗೆ ಅದು ಪೂರ್ತಿ ಮುಚ್ಚಿಕೊಳ್ಳಬೇಕು. ಎಲ್ಲಾದರೂ ಹೊಲಿಗೆ ಬಿಟ್ಟರೆ ಅಲ್ಲಿ ಬೆನ್ನುಮೂಳೆ ಕೂಡುವುದಿಲ್ಲ, ನರಗಳು ಹೊರಗೆ ತೆರೆದುಕೊಳ್ಳುತ್ತವೆ. ಗಂಟು ಎಷ್ಟು ಮೇಲಿದೆಯೋ ಕಾಲುಗಳ ನಿಶ್ಶಕ್ತಿ ಅಷ್ಟು ಹೆಚ್ಚು. ಮಲಮೂತ್ರದ ಹಿಡಿತವೂ ತಪ್ಪುತ್ತದೆ. ಅನೇಕ ಕೂಸುಗಳಿಗೆ ತಲೆಯಲ್ಲಿ ನೀರು ತುಂಬಿ ತಲೆ ದೊಡ್ಡದಾಗುತ್ತದೆ. ಇದು ಗ್ರಹಣದ ದೋಷವಲ್ಲ, ತಾಯಿಯ ಪಾಪವೂ ಅಲ್ಲ. ತಾನು ಗರ್ಭಿಣಿಯೆಂದು ಆಕೆಗೆ ಗೊತ್ತಾಗುವ ಮುನ್ನವೇ ಆಗಿಹೋಗುವ ಸಂಗತಿ.

ರೋಗ ಹಳೆಯದು. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ವೈದ್ಯ ನಿಕೊಲಾಸ್ ಟುಲ್ಪ್ 17ನೆಯ ಶತಮಾನದಲ್ಲಿಯೇ ಇದರ ವಿವರ ಬರೆದ. ಆದರೆ ಮುಂದಿನ 300 ವರ್ಷ ಡಾಕ್ಟರುಗಳಿಗೆ ನಿರ್ಧರಿಸುವುದು ಏನೂ ಇರಲಿಲ್ಲ. ಬೆನ್ನಿನ ಗಾಯದಿಂದ ನಂಜು ಒಳಗೆ ಹೋಗಿ ಮೆದುಳಿಗೆ ತಗಲುತ್ತಿತ್ತು, ಇಲ್ಲವೇ ತಲೆಯ ನೀರು ಏರುತ್ತಿತ್ತು. ಹೆಚ್ಚಿನ ಕೂಸುಗಳು ಬದುಕುತ್ತಿರಲಿಲ್ಲ.

ಈ ಸ್ಥಿತಿ ಬದಲಾದದ್ದು ಒಬ್ಬ ತಂದೆಯಿಂದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಹೋಲ್ಟರ್ ಎಂಬಾತ ಬೀಗ ತಯಾರಿಸುವ ಕಂಪನಿಯಲ್ಲಿ ತಂತ್ರಜ್ಞನಾಗಿದ್ದ. 1955ರಲ್ಲಿ ಅವನ ಮಗ ಕೇಸಿ ಇದೇ ರೋಗದೊಂದಿಗೆ ಹುಟ್ಟಿದ, ತಲೆಯಲ್ಲಿ ನೀರು ತುಂಬತೊಡಗಿತು. ಆ ನೀರನ್ನು ಹೊರಗೆ ಹರಿಸಲು ಒಳ್ಳೆಯ ಕವಾಟವಿಲ್ಲವೆಂದು ಶಸ್ತ್ರವೈದ್ಯ ಯೂಜಿನ್ ಸ್ಪಿಟ್ಜ್ ಹೇಳಿದಾಗ ಹೋಲ್ಟರ್ ತಾನೇ ಕೆಲಸಕ್ಕೆ ಕುಳಿತ. ಸಿಲಿಕೋನ್ ರಬ್ಬರಿನಿಂದ, ನೀರು ಒಂದೇ ಕಡೆ ಹರಿಯುವಂಥ ಸಣ್ಣ ಕವಾಟ ಮಾಡಿದ. 1956ರಿಂದ ಅದು ಬಳಕೆಗೆ ಬಂತು. ಲೋಕದ ಸಾವಿರಾರು ಮಕ್ಕಳನ್ನು ಆ ಕವಾಟ ಉಳಿಸಿತು. ಆದರೆ ಕೇಸಿ ಐದನೆಯ ವಯಸ್ಸಿನಲ್ಲಿ ತೀರಿಕೊಂಡ.

ಈಗ ನಿರ್ಧಾರದ ಪ್ರಶ್ನೆ ಹುಟ್ಟಿತು. ಕೂಸನ್ನು ಉಳಿಸಲು ಸಾಧ್ಯ, ಹಾಗಾದರೆ ಎಲ್ಲರಿಗೂ ಚಿಕಿತ್ಸೆ ಮಾಡಬೇಕೇ? ಈ ಪ್ರಶ್ನೆಯ ದೊಡ್ಡ ಕಣ ಇಂಗ್ಲೆಂಡಿನ ಶೆಫೀಲ್ಡ್ ನಗರವಾಯಿತು. ಅಲ್ಲಿ ಶಸ್ತ್ರವೈದ್ಯ ರಾಬರ್ಟ್ ಝಕಾರಿ, ಮೂಳೆವೈದ್ಯ ಶೆರಾರ್ಡ್, ಮಕ್ಕಳ ವೈದ್ಯ ಜಾನ್ ಲಾರ್ಬರ್ ಮತ್ತು ಅವರ ಸಂಗಡಿಗರು 1963ರಲ್ಲಿ ಒಂದು ವರದಿ ಪ್ರಕಟಿಸಿದರು. ಹುಟ್ಟಿದ ಕೂಡಲೇ ಬೆನ್ನಿನ ಗಾಯ ಮುಚ್ಚಿದರೆ ಕಾಲಿನ ಶಕ್ತಿ ಹೆಚ್ಚು ಉಳಿಯುತ್ತದೆ ಎಂಬುದು ಅದರ ಸಾರ. ಅಂದಿನಿಂದ ಈ ರೋಗ ಅವಸರದ ಕೆಲಸವಾಯಿತು. ಸುತ್ತಲಿನ ಊರುಗಳಿಂದ ಆಂಬುಲೆನ್ಸಿನಲ್ಲಿ ಕೂಸುಗಳು ಬರತೊಡಗಿದವು. ತಾಯಿ ಒಂದು ಆಸ್ಪತ್ರೆಯಲ್ಲಿ, ಕೂಸು ಇನ್ನೊಂದರಲ್ಲಿ. ತಂದೆ ನಡುವೆ ಕಾಗದಕ್ಕೆ ಸಹಿ ಹಾಕುವವನು.

ಎಂಟು ವರ್ಷಗಳ ನಂತರ, 1971ರಲ್ಲಿ, ಅದೇ ಲಾರ್ಬರ್ ಮಾತು ಬದಲಿಸಿದರು. ಚಿಕಿತ್ಸೆ ಪಡೆದ 524 ಮಕ್ಕಳ ಲೆಕ್ಕ ತೆಗೆದು ನೋಡಿದರು. ಅನೇಕರು ಸತ್ತಿದ್ದರು. ಉಳಿದವರಲ್ಲಿ ಬಹಳ ಮಂದಿಗೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ, ಕಟ್ಟಿಹೋಗುವ ಕವಾಟ, ಕೆಡುವ ಮೂತ್ರಪಿಂಡ. ಹೆಚ್ಚಿನ ಅಂಗವೈಕಲ್ಯವಿಲ್ಲದೆ ಬೆಳೆದವರು ತೀರ ಕಡಿಮೆ. ಇಷ್ಟು ನೋವು ಕೊಟ್ಟು ಉಳಿಸಿದ್ದು ಸರಿಯೇ ಎಂದು ಅವರು ಕೇಳಿದರು. ಕಾಲುಗಳು ಪೂರ್ತಿ ನಿಶ್ಶಕ್ತವಾಗಿದ್ದರೆ, ತಲೆ ಹುಟ್ಟುವಾಗಲೇ ಬಹಳ ದೊಡ್ಡದಿದ್ದರೆ, ಬೆನ್ನು ಗೂನಾಗಿದ್ದರೆ, ಬೇರೆ ದೊಡ್ಡ ದೋಷವಿದ್ದರೆ ಶಸ್ತ್ರಚಿಕಿತ್ಸೆ ಬೇಡ ಎಂದು ನಿಯಮ ಮಾಡಿದರು. ಮೊದಲ ದಿನವೇ ಪರೀಕ್ಷೆ, ಮೊದಲ ದಿನವೇ ತೀರ್ಮಾನ. 1973ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ 37 ಕೂಸುಗಳಿದ್ದವು. 12ಕ್ಕೆ ಚಿಕಿತ್ಸೆ ಕೊಟ್ಟರು, 25ಕ್ಕೆ ಕೊಡಲಿಲ್ಲ. ಆ 25 ಕೂಸುಗಳೂ ಒಂಬತ್ತು ತಿಂಗಳೊಳಗೆ ಸತ್ತವು.

ಲಾರ್ಬರ್ ಅವರನ್ನು ಕಲ್ಲುಮನಸ್ಸಿನವರೆಂದು ನಾನು ಹೇಳಲಾರೆ. ಅವರು ಕಂಡ ನೋವು ನಿಜವಾದದ್ದೇ. ಆದರೆ ಅದೇ ಊರಿನ ಝಕಾರಿ ಅವರು ಒಪ್ಪಲಿಲ್ಲ. ಸಾಯುವ ಸ್ಥಿತಿಯಲ್ಲಿಲ್ಲದ ಕೂಸನ್ನು ಸಾಯಲು ಬಿಡುವುದು ಆರೈಕೆಯಾಗದು ಎಂಬುದು ಅವರ ವಾದ. ಚಿಕಿತ್ಸೆ ನಿರಾಕರಿಸಿದ ಕೂಸುಗಳಿಗೆ ನಿದ್ದೆಯ ಔಷಧ ಕೊಡುವುದರಿಂದ ಅವು ಹಸಿವೆಂದು ಅಳುವುದೂ ಇಲ್ಲ ಎಂದು 1977ರಲ್ಲಿ ನೇರವಾಗಿ ಬರೆದರು. ಒಂದೇ ಊರು, ಒಂದೇ ರೋಗ, ಒಮ್ಮೆ ಒಂದೇ ವರದಿಗೆ ಕೂಡಿ ಸಹಿ ಹಾಕಿದ ಇಬ್ಬರು. ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ.

ಈ ತೂಗುವ ಪದ್ಧತಿ ಅಮೆರಿಕದಲ್ಲಿ ಇನ್ನೊಂದು ರೂಪ ತಾಳಿತು. ಓಕ್ಲಹೋಮ ರಾಜ್ಯದ ಡಾಕ್ಟರುಗಳ ತಂಡವೊಂದು 1977ರಿಂದ 1982ರವರೆಗೆ ಹುಟ್ಟಿದ 69 ಕೂಸುಗಳ ವಿವರವನ್ನು 1983ರಲ್ಲಿ ಪ್ರಕಟಿಸಿತು. ಶಸ್ತ್ರಚಿಕಿತ್ಸೆಯಿಲ್ಲದೆ ಬರೀ ಆರೈಕೆ ಪಡೆದ 24 ಕೂಸುಗಳು ಸತ್ತಿದ್ದವು. ತಮ್ಮ ಸಲಹೆಯ ಹಿಂದೆ ಒಂದು ಸೂತ್ರದ ಪ್ರಭಾವವಿತ್ತೆಂದು ಅವರೇ ಬರೆದಿದ್ದರು. ಆ ಸೂತ್ರ ಹೀಗೆ: ಕೂಸಿನ ಸ್ವಂತ ಶಕ್ತಿಯನ್ನು, ಮನೆಯ ಬಲ ಮತ್ತು ಸಮಾಜದ ಬಲ ಎರಡನ್ನೂ ಕೂಡಿಸಿದ ಮೊತ್ತದಿಂದ ಗುಣಿಸಬೇಕು. ಬಂದ ಉತ್ತರವೇ ಆ ಕೂಸಿನ ಬಾಳಿನ ಬೆಲೆ.

ಇದನ್ನು ಓದಿದಾಗ ನನ್ನ ಎದೆ ಝಲ್ಲೆಂದಿತು. ಯಾಕೆಂದರೆ ಈ ಲೆಕ್ಕ ನನಗೆ ಗೊತ್ತಿದ್ದದ್ದೇ. ಸಾಲದ ಅರ್ಜಿ ಬಂದಾಗ ನಾವು ಹೊಲ ಎಷ್ಟು, ಮನೆ ಎಂಥದು, ಜಾಮೀನು ಯಾರು ಎಂದು ನೋಡುತ್ತಿದ್ದೆವು. ಬಡವನಿಗೆ ಸಾಲ ಸಿಗುವುದು ಕಷ್ಟವಿತ್ತು. ಅದು ರೊಕ್ಕದ ಮಾತು, ತಪ್ಪಿದರೆ ಇನ್ನೊಂದು ವರ್ಷ ಅರ್ಜಿ ಹಾಕಬಹುದು. ಇಲ್ಲಿ ಒಂದೇ ಬಗೆಯ ಗಂಟಿರುವ ಎರಡು ಕೂಸುಗಳಲ್ಲಿ ಶ್ರೀಮಂತರ ಮನೆಯದಕ್ಕೆ ಹೆಚ್ಚು ಅಂಕ, ಗುಡಿಸಲಿನದಕ್ಕೆ ಕಡಿಮೆ ಅಂಕ. ನಮ್ಮಂಥ ಹಳ್ಳಿಯ ಕೂಸು ಆ ತಕ್ಕಡಿಯಲ್ಲಿ ಎಷ್ಟು ತೂಗುತ್ತಿತ್ತೆಂದು ನೀವೇ ಯೋಚಿಸಿ.

ಅದೇ 1983ರ ಅಕ್ಟೋಬರ್ 11ರಂದು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನಲ್ಲಿ ಒಂದು ಹೆಣ್ಣುಕೂಸು ಹುಟ್ಟಿತು. ಹೆಸರು ಗುಟ್ಟಾಗಿಡಲು ಕೋರ್ಟಿನಲ್ಲಿ 'ಬೇಬಿ ಜೇನ್ ಡೋ' ಎಂದು ಕರೆದರು. ತಂದೆತಾಯಿ ಡಾಕ್ಟರುಗಳ ಜೊತೆ ಮಾತಾಡಿ, ಶಸ್ತ್ರಚಿಕಿತ್ಸೆ ಬೇಡ, ಹಾಲು, ಗಾಯಕ್ಕೆ ಪಟ್ಟಿ, ನಂಜಿಗೆ ಔಷಧ ಸಾಕು ಎಂದರು. ಕೂಸಿಗೆ ಸಂಬಂಧವೇ ಇಲ್ಲದ ಒಬ್ಬ ವಕೀಲ ಕೋರ್ಟಿಗೆ ಹೋದ. ಕೆಳಗಿನ ನ್ಯಾಯಾಧೀಶರು ಶಸ್ತ್ರಚಿಕಿತ್ಸೆ ಮಾಡಿರಿ ಎಂದರು, ಮೇಲಿನ ಕೋರ್ಟುಗಳು ತಂದೆತಾಯಿಯ ಮಾತೇ ಸರಿ ಎಂದವು. ಕೇಂದ್ರ ಸರಕಾರವೂ ನಡುವೆ ಬಂದು ಆಸ್ಪತ್ರೆಯ ಕಡತ ಕೇಳಿತು, ಕೋರ್ಟು ಕೊಡಿಸಲಿಲ್ಲ. ಈ ಗದ್ದಲದ ನಡುವೆ ಕೂಸಿನ ಬೆನ್ನ ಮೇಲೆ ಚರ್ಮ ತಾನಾಗಿಯೇ ಬೆಳೆದು ಗಾಯ ಮುಚ್ಚಿತು. ತಲೆಯ ನೀರಿಗೆ ಕವಾಟ ಹಾಕಿಸಲು ತಂದೆತಾಯಿ ಒಪ್ಪಿದರು. 1984ರ ಏಪ್ರಿಲ್‌ನಲ್ಲಿ ಕೂಸು ಮನೆಗೆ ಹೋಯಿತು. ಅದು ಬದುಕಿತು, ಮಾತು ಕಲಿತಿತು, ಶಾಲೆಗೆ ಹೋಯಿತು. ಗಾಲಿ ಕುರ್ಚಿ ಬೇಕಾಯಿತು, ನಿಜ. ಆದರೆ ಮೊದಲ ವಾರದಲ್ಲಿ ಕೋರ್ಟಿನಲ್ಲಿ ಹೇಳಿದ ಕತ್ತಲೆಯ ಭವಿಷ್ಯ ಅದರ ಪಾಲಿಗೆ ಬರಲಿಲ್ಲ. ಅಂಗವೈಕಲ್ಯವಿರುವ ಕೂಸಿಗೆ ಬೇಕಾದ ಚಿಕಿತ್ಸೆಯನ್ನು ತಡೆಹಿಡಿಯುವುದು, ಕೆಲವು ವಿಶೇಷ ಸಂದರ್ಭಗಳ ಹೊರತು, ಮಗುವಿನ ನಿರ್ಲಕ್ಷ್ಯವೆಂದು ಅಮೆರಿಕ 1984ರಲ್ಲಿ ಕಾನೂನು ಮಾಡಿತು.

ಹಾಗಾದರೆ ಆ ಕಲಿತವರ ಲೆಕ್ಕ ಎಲ್ಲಿ ತಪ್ಪಿತು? ನನ್ನ ಕಾರಕೂನ ಬುದ್ಧಿಗೆ ಕಂಡದ್ದು ಇಷ್ಟು. ಲಾರ್ಬರ್ ಅವರ ಅಂಕಿಗಳು ಸುಳ್ಳಲ್ಲ, ಆದರೆ ಅವು ನಿನ್ನೆಯ ಅಂಕಿಗಳು. 1960ರ ದಶಕದ ಚಿಕಿತ್ಸೆ ಕೊಟ್ಟ ಫಲವನ್ನು 1970ರ ದಶಕದ ಕೂಸಿನ ಹಣೆಬರಹವೆಂದು ಓದಿದರು. 1972ರಲ್ಲಿ ಮಿಶಿಗನ್ನಿನ ಡಾಕ್ಟರ್ ಜ್ಯಾಕ್ ಲ್ಯಾಪಿಡಿಸ್ ಒಂದು ಸರಳ ದಾರಿ ತೋರಿಸಿದರು. ದಿನಕ್ಕೆ ಕೆಲವು ಸಲ ಸ್ವಚ್ಛ ನಳಿಕೆಯಿಂದ ಮೂತ್ರ ತೆಗೆದರೆ ಮೂತ್ರಪಿಂಡ ಉಳಿಯುತ್ತದೆ. ಮನೆಯಲ್ಲೇ ತಾಯಿ ಮಾಡಬಹುದಾದ, ಮುಂದೆ ಮಗು ತಾನೇ ಮಾಡಿಕೊಳ್ಳಬಹುದಾದ ಕೆಲಸ. ಶಿಕಾಗೋದಲ್ಲಿ ಡೇವಿಡ್ ಮೆಕ್‌ಲೋನ್ ಅವರ ತಂಡ 1975ರಿಂದ 1979ರವರೆಗೆ ಬಂದ 118 ಕೂಸುಗಳನ್ನು, ಆರಿಸದೆ, ಬಿಡದೆ, ಎಲ್ಲವನ್ನೂ ನೋಡಿಕೊಂಡಿತು. ಸುಮಾರು 25 ವರ್ಷಗಳ ನಂತರ ಅವರ ಲೆಕ್ಕ ಬಂತು. ನಾಲ್ಕರಲ್ಲಿ ಮೂವರು ತಾರುಣ್ಯ ಮುಟ್ಟಬಹುದೆಂದು ತಿಳಿಯಿತು. ಆವರೆಗೂ ಅವರ ಕಣ್ಣಳತೆಯಲ್ಲಿದ್ದವರಲ್ಲಿ ಶೇಕಡಾ 85 ಮಂದಿ ಹೈಸ್ಕೂಲು ಅಥವಾ ಕಾಲೇಜು ಓದುತ್ತಿದ್ದರು, ಇಲ್ಲವೇ ಮುಗಿಸಿದ್ದರು.

ಇನ್ನೊಂದು ಮಾತು ನನಗೆ ಬಹಳ ಮುಖ್ಯ. 1985ರಲ್ಲಿ ಫಿಲಡೆಲ್ಫಿಯಾದ ಎಡ್ವರ್ಡ್ ಚಾರ್ನಿ ಮತ್ತು ಸಂಗಡಿಗರು 110 ಕೂಸುಗಳನ್ನು ನೋಡಿ ಬರೆದರು. ತಂದೆತಾಯಿ ಯೋಚಿಸಲೆಂದು ಶಸ್ತ್ರಚಿಕಿತ್ಸೆಯನ್ನು ಕೆಲವು ದಿನ ತಡಮಾಡಿದ ಮಾತ್ರಕ್ಕೆ ಸಾವು ಹೆಚ್ಚಲಿಲ್ಲ, ಕಾಲಿನ ನಿಶ್ಶಕ್ತಿಯೂ ಹೆಚ್ಚಲಿಲ್ಲ. ಅಂದರೆ 1963ರಿಂದ ನಡೆದುಬಂದ ಆ ಗಡಿಬಿಡಿ ಅಷ್ಟೊಂದು ಬೇಕಿರಲಿಲ್ಲ. ತಪ್ಪು ತಿಳಿಯಬೇಡಿ, ಗಾಯ ತೆರೆದಿದ್ದಷ್ಟು ದಿನ ನಂಜಿನ ಭಯ ಇದ್ದೇ ಇದೆ. ಅದಕ್ಕೇ ಇಂದೂ ಸಾಮಾನ್ಯವಾಗಿ ಎರಡು ಮೂರು ದಿನಗಳೊಳಗೆ ಬೆನ್ನು ಮುಚ್ಚುತ್ತಾರೆ. ಆದರೆ ಎರಡು ದಿನ ಬೇರೆ, ಹದಿನೈದು ನಿಮಿಷ ಬೇರೆ.

ಲೆಕ್ಕದ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅದು ಪ್ರಾಮಾಣಿಕವಾಗದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಗಿಲಿಯನ್ ಹಂಟ್ ಎಂಬ ವೈದ್ಯೆ, 1963ರಿಂದ 1971ರೊಳಗೆ ಹುಟ್ಟಿ ಆರಿಸದೆ ಚಿಕಿತ್ಸೆ ಪಡೆದ 117 ಮಕ್ಕಳ ಬೆನ್ನುಹತ್ತಿ ಹೋದರು. 35 ವರ್ಷದ ಹೊತ್ತಿಗೆ 63 ಮಂದಿ ತೀರಿದ್ದರು. ಉಳಿದ 54ರಲ್ಲಿ 22 ಮಂದಿ ಸ್ವತಂತ್ರರಾಗಿ ಬಾಳುತ್ತಿದ್ದರು, 20 ಮಂದಿಗೆ ಸ್ವಲ್ಪ ಆಸರೆ ಬೇಕಿತ್ತು, 12 ಮಂದಿಗೆ ದಿನವೂ ಬೇರೆಯವರ ಕೈ ಬೇಕಿತ್ತು. ಈ 12 ಮನೆಗಳ ತಾಯಂದಿರ ದಣಿವನ್ನು ಯಾವ ಭಾಷಣವೂ ಅಳಿಸದು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಎಲ್ಲವೂ ಸುಖಾಂತ ಎಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಆದರೆ ಆ 22 ಯಾರು, ಆ 12 ಯಾರು ಎಂದು ಮೊದಲ ದಿನವೇ ಬೆರಳಿಟ್ಟು ತೋರಿಸುವುದು ಸುಲಭವಲ್ಲ. ಗಂಟು ಎಷ್ಟು ಮೇಲಿದೆ ಎಂಬುದರಿಂದ ಅಂದಾಜು ಸಿಗುತ್ತದೆ. ಅಂದಾಜು ಅಂದಾಜೇ, ತೀರ್ಪಲ್ಲ.

ಈ ವಾದ ಇನ್ನೂ ಮುಗಿದಿಲ್ಲ. ಹಾಲೆಂಡಿನಲ್ಲಿ 1997ರಿಂದ 2004ರವರೆಗೆ ಈ ರೋಗದ ತೀವ್ರ ರೂಪವಿದ್ದ 22 ಕೂಸುಗಳ ಜೀವವನ್ನು ಡಾಕ್ಟರುಗಳೇ ಕೊನೆಗೊಳಿಸಿ ಸರಕಾರಕ್ಕೆ ತಿಳಿಸಿದ್ದರು, ಯಾರ ಮೇಲೂ ಖಟ್ಲೆ ಹೂಡಲಿಲ್ಲ. ಇದು 2005ರಲ್ಲಿ ಪ್ರಕಟವಾದಾಗ ಲೋಕವೆಲ್ಲ ಚರ್ಚಿಸಿತು. ಅದೇ ದೇಶದ ನರಶಸ್ತ್ರವೈದ್ಯರೊಬ್ಬರು, ಈ ಕೂಸುಗಳಿಗೆ ತಾಳಲಾಗದ ನೋವಿದೆ ಎಂಬ ಮಾತೇ ಸರಿಯಲ್ಲ ಎಂದು ಮುಂದೆ ವಾದಿಸಿದರು.

ಅತ್ತ ಚಿಕಿತ್ಸೆ ಮುಂದೆ ಸಾಗಿತು. ಅಮೆರಿಕದ ಮೂರು ಆಸ್ಪತ್ರೆಗಳಲ್ಲಿ 2003ರಿಂದ 2010ರವರೆಗೆ ಗರ್ಭದಲ್ಲಿರುವಾಗಲೇ, 26 ವಾರ ತುಂಬುವ ಮುನ್ನ, ಕೂಸಿನ ಬೆನ್ನು ಹೊಲಿದು ನೋಡಿದರು. 2011ರಲ್ಲಿ ಫಲ ತಿಳಿಸಿದರು. ಹುಟ್ಟಿದ ಮೇಲೆ ಹೊಲಿದವರಲ್ಲಿ ಶೇಕಡಾ 82 ಕೂಸುಗಳಿಗೆ ವರ್ಷದೊಳಗೆ ಕವಾಟ ಬೇಕಾದರೆ, ಗರ್ಭದಲ್ಲಿ ಹೊಲಿದವರಲ್ಲಿ ಶೇಕಡಾ 40ಕ್ಕೆ ಮಾತ್ರ. ಆದರೆ ದಿನ ತುಂಬುವ ಮುನ್ನ ಹೆರಿಗೆಯಾಗುವ ಅಪಾಯ ಹೆಚ್ಚು, ತಾಯಿಯ ಗರ್ಭಕೋಶಕ್ಕೂ ತೊಂದರೆ.

ತಡೆಯುವ ದಾರಿಯ ಕಥೆಗೆ ನಮ್ಮ ನೆಲದ ನಂಟಿದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. 1929ರಲ್ಲಿ ಕೆಲವು ತಿಂಗಳು ನಮ್ಮ ಕನ್ನಡ ಬಂಧುಗಳಿರುವ ನೀಲಗಿರಿಯ ಕೂನೂರಿನಲ್ಲೂ ಕೆಲಸ ಮಾಡಿದರು. ಯೀಸ್ಟಿನ ಸಾರದಲ್ಲಿರುವ ಏನೋ ಒಂದು ವಸ್ತು ಈ ತಾಯಂದಿರನ್ನು ಗುಣಪಡಿಸುತ್ತದೆ ಎಂದು 1931ರಲ್ಲಿ ಬರೆದರು. 1941ರಲ್ಲಿ ಪಾಲಕ ಸೊಪ್ಪಿನಿಂದ ಬೇರ್ಪಡಿಸಿ 'ಫೋಲಿಕ್ ಆಮ್ಲ' ಎಂದು ಹೆಸರಿಟ್ಟದ್ದು ಇಂಥ ವಸ್ತುವಿಗೇ. ಮುಂದೆ 1991ರಲ್ಲಿ ಬ್ರಿಟನ್ನಿನ ಸಂಶೋಧಕರು 7 ದೇಶಗಳ 33 ಕೇಂದ್ರಗಳ ಅಭ್ಯಾಸ ಪ್ರಕಟಿಸಿದರು. ಒಮ್ಮೆ ಇಂಥ ಕೂಸು ಹೆತ್ತ ತಾಯಂದಿರು ಮುಂದಿನ ಗರ್ಭಕ್ಕೆ ಮೊದಲೇ ಈ ಮಾತ್ರೆ ತೆಗೆದುಕೊಂಡರೆ ರೋಗ ಶೇಕಡಾ 72ರಷ್ಟು ಕಡಿಮೆಯಾಗುತ್ತದೆಂದು ಸಿದ್ಧವಾಯಿತು.

ಆದ್ದರಿಂದ ಮೂರು ಮಾತು ನೆನಪಿಡಿ. ಒಂದು, ಮಗು ಬೇಕೆಂದು ಯೋಚಿಸುವ ಹೆಣ್ಣುಮಗಳು ಗರ್ಭ ನಿಲ್ಲುವ ಮೊದಲೇ ಆರೋಗ್ಯ ಕೇಂದ್ರದಲ್ಲಿ ಫೋಲಿಕ್ ಮಾತ್ರೆಯ ಬಗ್ಗೆ ಕೇಳಲಿ. ಮೂರು ತಿಂಗಳಾದ ಮೇಲೆ ಕೇಳಿದರೆ ಈ ರೋಗದ ಮಟ್ಟಿಗೆ ಹೊತ್ತು ಮೀರಿರುತ್ತದೆ. ಮೊದಲೇ ಇಂಥ ಕೂಸು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕು, ಅದನ್ನು ಡಾಕ್ಟರೇ ಬರೆದುಕೊಡಬೇಕು. ಎರಡು, ಬೆನ್ನ ಮೇಲೆ ಗಂಟಿರುವ ಕೂಸು ಹುಟ್ಟಿದರೆ ಅರಿಸಿನ, ಬೂದಿ ಹಚ್ಚದೆ, ಸ್ವಚ್ಛ ಒದ್ದೆ ಬಟ್ಟೆ ಮುಚ್ಚಿ, ಬೋರಲು ಅಥವಾ ಮಗ್ಗುಲಾಗಿ ಮಲಗಿಸಿ, ಅದೇ ದಿನ ಮಕ್ಕಳ ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆಗೆ ಒಯ್ಯಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ರೋಗವೂ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಮೂರು, ಡಾಕ್ಟರಿಗೆ ಪ್ರಶ್ನೆ ಕೇಳಲು ನಾಚಬೇಡಿ. ಗಂಟು ಎಲ್ಲಿದೆ, ತಲೆಯಲ್ಲಿ ನೀರಿದೆಯೇ, ಮಾಡಿಸಿದರೆ ಏನು, ಬಿಟ್ಟರೆ ಏನು, ಯೋಚಿಸಲು ಎಷ್ಟು ಹೊತ್ತಿದೆ. ತಿಳಿಯದ ಭಾಷೆಯಲ್ಲಿ ಹೇಳಿದರೆ ಎರಡನೆಯ ಸಲ, ಮೂರನೆಯ ಸಲ ಕೇಳಿ.

ಈ ಕೊನೆಯ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1984ರಲ್ಲಿ ಆ ವರಾಂಡದಲ್ಲಿ ಡಾಕ್ಟರು ಹೇಳಿದ್ದು, "ವಾಚಣಂ ಕಠೀಣ ಆಹೆ." ಉಳಿಯುವುದು ಕಷ್ಟ ಎಂದರ್ಥ. ಅದು ನಿಮಗೂ ಗೊತ್ತು, ಎರಡೂ ಭಾಷೆ ಬಲ್ಲವರು ನೀವು. ತಂಗಿ ನನ್ನ ಮುಖ ನೋಡಿ, "ಅಣ್ಣಾ, ಏನಂದ್ರು?" ಎಂದು ಕೇಳಿದಳು. ನಾನು ಹೇಳಿದ್ದು, "ಉಳಿಯೂದಿಲ್ಲಂತ."

ಕಷ್ಟ ಎಂಬುದನ್ನು ಇಲ್ಲ ಎಂದು ಮಾಡಿದವನು ನಾನು. ಅವಳಿಗೆ ಹೆಚ್ಚು ನೋವಾಗಬಾರದೆಂದು ಮಾಡಿದೆನೋ, ನನಗೇ ಧೈರ್ಯವಿರಲಿಲ್ಲವೋ, ಇಂದಿಗೂ ಬಗೆಹರಿದಿಲ್ಲ. ಅಂದಿನ ದಿನದಲ್ಲಿ, ನಮ್ಮ ಕೈಯಲ್ಲಿದ್ದ ರೊಕ್ಕದಲ್ಲಿ, ಆ ಕೂಸು ಉಳಿಯುತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಕೇಳುವ ಹಕ್ಕು ತಾಯಿಗಿತ್ತು. ಆ ಎರಡು ಶಬ್ದಗಳ ನಡುವೆ ಅವಳಿಗೆ ಯೋಚಿಸಲು ಜಾಗವಿತ್ತು, ಅದನ್ನು ನಾನು ಮುಚ್ಚಿದೆ. ಹೋದ ವರ್ಷ ಈ ಮಾತನ್ನು ತಂಗಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಇದನ್ನ ಬರಿ ಅಣ್ಣಾ, ಯಾರಿಗಾದ್ರೂ ಉಪಯೋಗ ಆಗ್ಲಿ" ಎಂದಳು.

ಬರೆದಿದ್ದೇನೆ. ನಾಳೆ ನಿಮ್ಮ ಓಣಿಯಲ್ಲಿ ಯಾರಿಗಾದರೂ ಇಂಥ ಗಳಿಗೆ ಬಂದು, ಎರಡು ಭಾಷೆ ಬಲ್ಲ ನಿಮ್ಮನ್ನು ಜೊತೆಗೆ ಕರೆದುಕೊಂಡು ಹೋದರೆ, ಡಾಕ್ಟರು ಹೇಳಿದಷ್ಟನ್ನೇ ಹೇಳಿ. ಒಂದು ಶಬ್ದ ಹೆಚ್ಚಿಲ್ಲ, ಒಂದು ಶಬ್ದ ಕಡಿಮೆಯಿಲ್ಲ.